ಸಾವಿರ ಸ್ಕೋಪಸ್ ಪೇಪರ್ ಅಂತಾರಲ್ಲ, ಅದರಲ್ಲಿ ಯಾವ ಡಿಪಾರ್ಟ್‌ಮೆಂಟಿಂದು ಎಷ್ಟು?

ಸಿಇಟಿ ಆಪ್ಷನ್ ಎಂಟ್ರಿ ಟೈಮ್ ಬಂತು ಅಂದ್ರೆ ಬಸ್ ಸ್ಟ್ಯಾಂಡ್ ಸುತ್ತ ಕಾಲೇಜುಗಳ ಫ್ಲೆಕ್ಸ್ ಎದ್ದು ನಿಲ್ತವೆ. ಮುಂಚೆ ಅದರಲ್ಲಿ ಪ್ಲೇಸ್‌ಮೆಂಟ್ ಪ್ಯಾಕೇಜು, ಹಾಸ್ಟೆಲ್ ಫೋಟೋ, ಮಠದ ಸ್ವಾಮೀಜಿ ಫೋಟೋ ಇಷ್ಟೇ ಇರ್ತಿತ್ತು, ಈಗ ಕೆಲವು ವರ್ಷದಿಂದ ಇನ್ನೊಂದು ಸಾಲು ಸೇರ್ಕೊಂಡಿದೆ, ಇಷ್ಟು ನೂರು ಪ್ಲಸ್ ಸ್ಕೋಪಸ್ ಪೇಪರ್ಸು (ಸ್ಕೋಪಸ್ ಅಂದ್ರೆ ರಿಸರ್ಚ್ ಜರ್ನಲ್‌ಗಳನ್ನ, ಪೇಪರ್‌ಗಳನ್ನ ಪಟ್ಟಿ ಮಾಡೋ ಡೇಟಾಬೇಸ್), ಇಷ್ಟು ಪೇಟೆಂಟು, ಇಷ್ಟು ರಿಸರ್ಚ್ ಸೆಂಟರು. ಆ ನಂಬರ್ ಸುಳ್ಳು ಅಂತ ನಾನು ಹೇಳ್ತಿಲ್ಲ, ಬಹಳ ಸಲ ನಿಜಾನೇ ಇರತ್ತೆ. ಆದ್ರೆ ಒಟ್ಟು ನಂಬರ್ ಇಟ್ಕೊಂಡು ಏನೂ ತಿಳಿಯಲ್ಲ. ಅದನ್ನ ಡಿಪಾರ್ಟ್‌ಮೆಂಟ್ ಪ್ರಕಾರ ಬಿಡಿಸಿ ನೋಡಿ, ಮ್ಯಾಥ್ಸ್‌ನವರದು ಎಷ್ಟು, ಕೆಮಿಸ್ಟ್ರಿಯವರದು ಎಷ್ಟು, ಮೆಕ್ಯಾನಿಕಲ್, ಸಿವಿಲ್, ಸಿಎಸ್ ಎಷ್ಟೆಷ್ಟು, ಮತ್ತು ಯಾವ ಯಾವ ಟಾಪಿಕ್ ಮೇಲೆ. ಆಗ ಆ ಕಾಲೇಜಿನ ಲ್ಯಾಬಲ್ಲಿ ಯಾವ ಮಷೀನ್ ಓಡ್ತಿದೆ, ಮೇಷ್ಟ್ರಿಗೆ ವಾರಕ್ಕೆ ಎಷ್ಟು ಕ್ಲಾಸ್, ಮ್ಯಾನೇಜ್‌ಮೆಂಟ್ ಯಾವುದಕ್ಕೆ ಇನ್ಸೆಂಟಿವ್ ಕೊಡತ್ತೆ ಎಲ್ಲಾ ಕಣ್ಣಿಗೆ ಬೀಳತ್ತೆ. ನನ್ನ ವಾದ ಇಷ್ಟೇ: ನಮ್ಮ ಜಿಲ್ಲಾ ಮಟ್ಟದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಏನು ರಿಸರ್ಚ್ ಆಗತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಊರಿನ ಸಮಸ್ಯೆಯೂ ಅಲ್ಲ, ಮೇಷ್ಟ್ರ ಆಸಕ್ತಿಯೂ ಅಲ್ಲ. ಯಾವ ಕೆಲಸಕ್ಕೆ ಖರ್ಚು ಕಮ್ಮಿ, ಯಾವುದು ಲೆಕ್ಕಕ್ಕೆ ಬರತ್ತೆ ಅನ್ನೋ ಎರಡೇ ವಿಷಯ.

ನಾನು ಮಾತಾಡ್ತಿರೋದು ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗಿರೋ ಕಾಲೇಜುಗಳ ಬಗ್ಗೆ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಶುರುವಾದ ಮೇಲೆ ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಬಂದ್ವು, ದಾವಣಗೆರೆಯ ಯುಬಿಡಿಟಿ, ಕಲಬುರಗಿಯ ಪಿಡಿಎ, ಹಾಸನದ ಮಲೆನಾಡು ಕಾಲೇಜು ಇಂಥ 50-60ರ ದಶಕದ ಹಳೇ ಕಾಲೇಜುಗಳಿಂದ ಹಿಡಿದು ನಿನ್ನೆ ಮೊನ್ನೆ ಹೈವೇ ಪಕ್ಕ ಎದ್ದವು ತನಕ. ಇವುಗಳಲ್ಲೇ ಡಿಪಾರ್ಟ್‌ಮೆಂಟ್‌ಗಳಿಗೆ ರಿಸರ್ಚ್ ಸೆಂಟರ್ ಅಂತ ಮಾನ್ಯತೆ ಕೊಡ್ತಾರೆ, ಅಲ್ಲೇ ಪಿಎಚ್‌ಡಿ ರಿಜಿಸ್ಟರ್ ಆಗತ್ತೆ.

ಮೊದಲು ಮ್ಯಾಥ್ಸ್ ಡಿಪಾರ್ಟ್‌ಮೆಂಟ್ ನೋಡಿ. ಹೊರಗಿನೋರಿಗೆ ಆಶ್ಚರ್ಯ ಆಗಬಹುದು, ಇಂಜಿನಿಯರಿಂಗ್ ಕಾಲೇಜಲ್ಲಿ ಮ್ಯಾಥ್ಸ್‌ನವರು ಅಂದ್ರೆ ಮೊದಲ ನಾಲ್ಕು ಸೆಮಿಸ್ಟರ್‌ಗೆ ಪಾಠ ಮಾಡಿ ಹೋಗೋರು ಅನ್ನೋ ಭಾವನೆ ಇದೆ, ಆದ್ರೆ ಎಷ್ಟೋ ಕಾಲೇಜಲ್ಲಿ ತಲಾವಾರು ಲೆಕ್ಕ ಹಾಕಿದ್ರೆ ಅವರೇ ಮುಂದೆ. ಕಾರಣ ಸಿಂಪಲ್, ಅವರಿಗೆ ಲ್ಯಾಬ್ ಬೇಡ. ಕರ್ನಾಟಕದ ಮ್ಯಾಥ್ಸ್ ಪೇಪರ್‌ಗಳಲ್ಲಿ ಎರಡು ಟಾಪಿಕ್ ಮತ್ತೆ ಮತ್ತೆ ಸಿಗತ್ತೆ. ಒಂದು ಗ್ರಾಫ್ ಥಿಯರಿ, ಅಂದ್ರೆ ಚುಕ್ಕಿಗಳನ್ನ ಗೆರೆಯಿಂದ ಸೇರಿಸಿದ ಜಾಲಗಳ ಲೆಕ್ಕ, ಅದರಲ್ಲೂ ಅಂಥ ಜಾಲಕ್ಕೆ ಒಂದು ನಂಬರ್ ಕೊಡೋ ಟೋಪೋಲಾಜಿಕಲ್ ಇಂಡೆಕ್ಸ್‌ಗಳು. ಇನ್ನೊಂದು ಸ್ಟ್ರೆಚಿಂಗ್ ಶೀಟ್, ಅಂದ್ರೆ ಎಳೀತಾ ಹೋಗೋ ಹಾಳೆ ಮೇಲೆ ದ್ರವ ಹೇಗೆ ಹರಿಯತ್ತೆ ಅನ್ನೋದು. 1970ರಲ್ಲಿ ಕ್ರೇನ್ ಅನ್ನೋರು ಈ ಎಳೆಯೋ ಹಾಳೆಯ ಲೆಕ್ಕಕ್ಕೆ ಉತ್ತರ ಬರೆದ್ರು, ಪ್ಲಾಸ್ಟಿಕ್ ಶೀಟ್ ಎಳೆಯೋ ಫ್ಯಾಕ್ಟರಿಗೆ ಸಂಬಂಧಪಟ್ಟ ಸಮಸ್ಯೆ ಅದು. ಅವತ್ತಿಂದ ಇವತ್ತಿನ ತನಕ ಅದೇ ಹಾಳೆ, ಅದಕ್ಕೆ ಒಂದ್ಸಲ ಮ್ಯಾಗ್ನೆಟಿಕ್ ಫೀಲ್ಡ್ ಹಾಕೋದು, ಒಂದ್ಸಲ ದ್ರವಕ್ಕೆ ಅತಿ ಸಣ್ಣ ಕಣ ಬೆರೆಸಿ ನ್ಯಾನೋಫ್ಲೂಯಿಡ್ ಮಾಡೋದು, ಒಂದ್ಸಲ ರೇಡಿಯೇಷನ್ ಸೇರಿಸೋದು, ಆಮೇಲೆ ಹಾಳೆ ಬದಲು ಸಿಲಿಂಡರ್ ಇಡೋದು, ಈಕ್ವೇಷನ್‌ನಲ್ಲಿ ಒಂದು ಟರ್ಮ್ ಹೆಚ್ಚಾದ್ರೆ ಒಂದು ಪೇಪರ್ ಹೆಚ್ಚಾಯ್ತು. ಇದರಲ್ಲಿ ಗಟ್ಟಿ ಕೆಲಸ ಮಾಡಿದೋರು ಇದ್ದಾರೆ, ಹೊರದೇಶದವರು ಸೈಟ್ ಮಾಡೋ ಕೆಲಸ ನಮ್ಮ ಸಣ್ಣ ಊರುಗಳಿಂದ ಬಂದಿದೆ. ಆದ್ರೆ ಪೇಪರಲ್ಲಿರೋ ಲೆಕ್ಕವನ್ನ ಒಂದೇ ಒಂದು ಎಕ್ಸ್‌ಪೆರಿಮೆಂಟ್ ಜೊತೆ ಹೋಲಿಸಿ ನೋಡಿದೋರು ಬಹಳ ಕಮ್ಮಿ. ಹೋಲಿಸ್ತಾರೆ, ಇನ್ನೊಬ್ಬರ ಇಂಥದ್ದೇ ಲೆಕ್ಕದ ಜೊತೆ, ಟೇಬಲ್ ಒಂದರಲ್ಲಿ, ನಾಲ್ಕನೇ ಡೆಸಿಮಲ್ ತನಕ ಮ್ಯಾಚ್ ಆಯ್ತು ಅಂತ.

ಕೆಮಿಸ್ಟ್ರಿ, ಫಿಸಿಕ್ಸ್‌ನವರದು ಇನ್ನೂ ಸ್ವಾರಸ್ಯವಾಗಿದೆ. ತುಮಕೂರು, ದಾವಣಗೆರೆ, ಶಿವಮೊಗ್ಗ ಈ ಕಡೆ ಕಾಲೇಜುಗಳಿಂದ ಜಿಂಕ್ ಆಕ್ಸೈಡ್ ನ್ಯಾನೋಪಾರ್ಟಿಕಲ್ ಮೇಲೆ ಇಷ್ಟೊಂದು ಪೇಪರ್ ಯಾಕೆ ಬರ್ತಾವೆ ಗೊತ್ತಾ? ಅದರ ಬೇರು ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಅಲ್ಲಿ ಪ್ರೊಫೆಸರ್ ಕೆ.ಸಿ. ಪಾಟೀಲರ ಗುಂಪು 1988ರಲ್ಲಿ ಸಲ್ಯೂಷನ್ ಕಂಬಸ್ಷನ್ ಅನ್ನೋ ವಿಧಾನ ಪ್ರಕಟಿಸ್ತು. ಮೆಟಲ್ ನೈಟ್ರೇಟ್ ತಗೊಳಿ, ಯೂರಿಯಾ ಥರದ್ದೊಂದು ಫ್ಯೂಯೆಲ್ ಸೇರಿಸಿ, ನೀರಲ್ಲಿ ಕರಗಿಸಿ, 500 ಡಿಗ್ರಿಗೆ ಕಾದಿರೋ ಮಫಲ್ ಫರ್ನೇಸ್, ಅಂದ್ರೆ ಮುಚ್ಚಿದ ಸಣ್ಣ ಕುಲುಮೆ ಒಳಗೆ ಇಡಿ. ಕುದ್ದು, ನೊರೆ ಬಂದು, ಭಗ್ ಅಂತ ಹತ್ಕೊಂಡು ಕೆಲವೇ ನಿಮಿಷದಲ್ಲಿ ಪುಡಿ ರೆಡಿ. ಬೇರೆ ವಿಧಾನಗಳಲ್ಲಿ ಗಂಟೆಗಟ್ಟಲೆ ಸಾವಿರದ ಮೇಲಿನ ಟೆಂಪರೇಚರ್ ಬೇಕಿದ್ದ ಜಾಗದಲ್ಲಿ ಇದು ಅದ್ಭುತವಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆ ವಿಧಾನ ಸಣ್ಣ ಊರುಗಳಿಗೆ ಹಬ್ಬಿದ್ದಕ್ಕೆ ಒಂದೇ ಕಾರಣ, ಮಫಲ್ ಫರ್ನೇಸ್ ಪ್ರತಿ ಕಾಲೇಜಲ್ಲೂ ಇರತ್ತೆ. ಆಮೇಲೆ ಗ್ರೀನ್ ಸಿಂಥೆಸಿಸ್ ಬಂತು, ಯೂರಿಯಾ ಬದಲು ಎಲೆ ರಸ. ತುಳಸಿ ಆಯ್ತು, ಬೇವು ಆಯ್ತು, ನುಗ್ಗೆ, ಅಲೋವೆರಾ, ಪಾರ್ಥೇನಿಯಂ ಸಮೇತ ಆಯ್ತು. ಗಿಡ ಬದಲಾದ್ರೆ ಪೇಪರ್ ಹೊಸದು.

ಪುಡಿ ಮಾಡೋದು ಸುಲಭ, ಅದು ಏನು ಅಂತ ಗೊತ್ತುಮಾಡ್ಕೊಳ್ಳೋದು ಕಷ್ಟ. ಎಕ್ಸ್‌ರೇಯಿಂದ ಹರಳಿನ ರಚನೆ ನೋಡೋ ಎಕ್ಸ್‌ಆರ್‌ಡಿ ಬೇಕು, ಎಸ್‌ಇಎಂ ಅನ್ನೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ಪೇಪರ್ ಪರಿಶೀಲಿಸೋ ರಿವ್ಯೂವರ್ ಹಟ ಹಿಡಿದ್ರೆ ಇನ್ನೂ ಸೂಕ್ಷ್ಮವಾದ ಟಿಇಎಂ ಬೇಕು. ಇವೆಲ್ಲಾ ಊರಲ್ಲಿ ಇರಲ್ಲ, ಸಣ್ಣ ಪ್ಲಾಸ್ಟಿಕ್ ಕವರ್‌ಗೆ ಪುಡಿ ಹಾಕಿ ಲೇಬಲ್ ಅಂಟಿಸಿ ಬೆಂಗಳೂರಿಗೋ ಮೈಸೂರಿಗೋ ಕಳಿಸ್ಬೇಕು, ಸ್ಯಾಂಪಲ್‌ಗೆ ಇಷ್ಟು ಅಂತ ದುಡ್ಡು, ಜೊತೆಗೆ ಜಿಎಸ್‌ಟಿ. ಆ ದುಡ್ಡು ಎಷ್ಟೋ ಸಲ ಮೇಷ್ಟ್ರ ಜೇಬಿಂದ. ಹಾಗಾಗಿ ಐದು ಸ್ಯಾಂಪಲ್ ಮಾಡಿದ್ರೂ ಎರಡನ್ನೇ ಕಳಿಸ್ತಾರೆ, ಅದೇ ಅಳತೆ ಮೂರ್ಮೂರು ಸಲ ಮಾಡಿ ನೋಡೋ ಮಾತಂತೂ ಇಲ್ಲವೇ ಇಲ್ಲ. ಪೇಪರ್‌ನ ಗ್ರಾಫಲ್ಲಿ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ತೋರಿಸೋ ಎರರ್ ಬಾರ್ ಯಾಕಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಸೈನ್ಸಲ್ಲಿಲ್ಲ, ಆ ಬಿಲ್‌ನಲ್ಲಿದೆ.

ಮೆಕ್ಯಾನಿಕಲ್‌ನವರ ಅಲ್ಯೂಮಿನಿಯಂ 6061 ಬಗ್ಗೆ ಬರೆಯದೇ ಇದ್ರೆ ನಮ್ಮ ಕಡೆಯವರು ಬೈತಾರೆ. ಈ ಅಲಾಯ್ ಕರಗಿಸಿ, ಒಳಗೆ ಸಿಲಿಕಾನ್ ಕಾರ್ಬೈಡೋ ಹಾರುಬೂದಿಯೋ ಭತ್ತದ ಹೊಟ್ಟಿನ ಬೂದಿಯೋ ಹಾಕಿ ಸ್ಟರ್ ಮಾಡಿ, 2, 4, 6, 8 ಪರ್ಸೆಂಟ್ ಅಂತ ನಾಲ್ಕು ಕಂಬಿ ಎರಕ ಹೊಯ್ದು, ಹಾರ್ಡ್‌ನೆಸ್ ನೋಡಿ, ಟೆನ್‌ಸೈಲ್ ನೋಡಿ, ಪಿನ್ ಆನ್ ಡಿಸ್ಕ್ ಮೇಲೆ ಸವೆಸಿ, ಯಾವ ಅಂಶದ ಪರಿಣಾಮ ಎಷ್ಟು ಅಂತ ಲೆಕ್ಕ ಹಾಕೋ ಟಗುಚಿ ಟೇಬಲ್ ಹಾಕಿದ್ರೆ ಎಂ.ಟೆಕ್ ಪ್ರಾಜೆಕ್ಟ್, ಪಿಎಚ್‌ಡಿಯ ಎರಡು ಚಾಪ್ಟರ್, ಮೂರು ಪೇಪರ್ ಎಲ್ಲಾ ಒಂದೇ ಏಟಿಗೆ. ಬೆಂಗಳೂರಿನ ಡುಕಾಮ್ ಕಂಪನಿ ಈ ಸವೆತ ಅಳೆಯೋ ಮಷೀನ್ ಮಾಡತ್ತೆ, ಹಾಗಾಗಿ ಆ ಮಷೀನ್ ನಮ್ಮ ಕಾಲೇಜುಗಳಿಗೆ ಹೊಸದೇನಲ್ಲ, ಮಷೀನ್ ಇರೋ ಕಡೆ ಆ ಟಾಪಿಕ್ ಇರತ್ತೆ. ಸಿವಿಲ್‌ನವರದು ಅದೇ ಕಥೆ, ಉತ್ತರ ಕರ್ನಾಟಕದಲ್ಲಿ ಎರೆ ಮಣ್ಣು ಮತ್ತು ಹಾರುಬೂದಿ, ಉಳಿದ ಕಡೆ ಸಿಮೆಂಟಿಗೆ ಬದಲಿ ಏನೋ ಒಂದು ಸೇರಿಸಿ 150 ಮಿಲಿಮೀಟರ್ ಕ್ಯೂಬ್ ಮಾಡಿ 7 ದಿನ, 28 ದಿನಕ್ಕೆ ಒಡೆಯೋದು. ನಾನು ಇದನ್ನ ಆಡ್ಕೊಳ್ತಿಲ್ಲ, ಎರೆ ಮಣ್ಣಿನ ಕೆಲಸ ಆ ಭಾಗಕ್ಕೆ ಬೇಕಾದ್ದೇ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬೋ ಆ ಮಣ್ಣಿನ ಮೇಲೆ ರಸ್ತೆ ನಿಲ್ಲಲ್ಲ ಅನ್ನೋದು ಅಲ್ಲಿ ಓಡಾಡೋ ಎಲ್ಲರಿಗೂ ಗೊತ್ತು, ಪಕ್ಕದಲ್ಲೇ ಶಕ್ತಿನಗರದ 1,720 ಮೆಗಾವ್ಯಾಟಿನ ರಾಯಚೂರು ಥರ್ಮಲ್‌ನಿಂದ ಬೂದಿಗೂ ಬರ ಇಲ್ಲ. ಆದ್ರೆ ಪೇಪರ್‌ಗಳು ಲ್ಯಾಬಿನ ಮೌಲ್ಡ್ ಒಳಗೇ ನಿಲ್ತವೆ. ಅದೇ ಮಿಕ್ಸ್ ಹಾಕಿ ನೂರು ಮೀಟರ್ ರಸ್ತೆ ಮಾಡಿ ಐದು ಮಳೆಗಾಲ ಅಳೆದು ನೋಡಿದ ಪೇಪರ್ ಸಿಗೋದು ಅಪರೂಪ, ಯಾಕಂದ್ರೆ ಐದು ಮಳೆಗಾಲಕ್ಕೆ ಒಂದು ಪೇಪರ್ ಬರತ್ತೆ, 28 ದಿನದ ಕ್ಯೂಬಿಗೂ ಒಂದು ಪೇಪರ್ ಬರತ್ತೆ, ಲೆಕ್ಕದ ಎಕ್ಸೆಲ್ ಶೀಟಲ್ಲಿ ಎರಡಕ್ಕೂ ಒಂದೊಂದೇ ಸಾಲು.

ಇನ್ನು ಸಿಎಸ್ ಮತ್ತು ಅದರ ಮರಿಗಳು, ಎಐಎಂಎಲ್, ಡೇಟಾ ಸೈನ್ಸ್ ಇತ್ಯಾದಿ. ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಈಗ ಪೇಪರ್ ಸುರಿಯೋದು ಇಲ್ಲಿಂದ. ಎಲೆ ಫೋಟೋ ನೋಡಿ ರೋಗ ಹೇಳೋ ಡೀಪ್ ಲರ್ನಿಂಗ್ ಪ್ರಾಜೆಕ್ಟ್ ಇಲ್ಲದ ಕಾಲೇಜು ನನಗಂತೂ ಕಂಡಿಲ್ಲ. ಎಲ್ಲರ ಅಕ್ಯುರಸಿ 98, 99 ಪರ್ಸೆಂಟ್. ಎಲ್ಲರೂ ಬಳಸೋ ಡೇಟಾ ಒಂದೇ, ಪ್ಲಾಂಟ್‌ವಿಲೇಜ್, 14 ಬೆಳೆಗಳ 54,306 ಫೋಟೋ, ಫ್ರೀಯಾಗಿ ಡೌನ್‌ಲೋಡ್ ಆಗತ್ತೆ. ಆ 14 ಬೆಳೆ ಯಾವುವು ಅಂದ್ರೆ ಸೇಬು, ಬ್ಲೂಬೆರ್ರಿ, ಚೆರ್ರಿ, ಪೀಚ್, ಸ್ಟ್ರಾಬೆರ್ರಿ, ರಾಸ್‌ಬೆರ್ರಿ ಈ ಥರದವು, ನಮಗೆ ಸಂಬಂಧಪಟ್ಟದ್ದು ಟೊಮ್ಯಾಟೊ, ಆಲೂಗಡ್ಡೆ, ಮುಸುಕಿನ ಜೋಳ, ದ್ರಾಕ್ಷಿ, ಸೋಯಾ ಇಷ್ಟಿದೆ. ಅಡಿಕೆ ಇಲ್ಲ, ರಾಗಿ ಇಲ್ಲ, ಭತ್ತ ಇಲ್ಲ, ತೊಗರಿ ಇಲ್ಲ, ಕಾಫಿ ಇಲ್ಲ. ಪೆಪ್ಪರ್ ಇದೆಯಲ್ಲಾ ಅಂತ ಮಲೆನಾಡಿನವರು ಖುಷಿ ಪಡಬೇಡಿ, ಅದು ದಪ್ಪ ಮೆಣಸಿನಕಾಯಿ.

ಬೆಳೆ ವಿಷಯ ಬಿಡಿ, ಆ 99 ಪರ್ಸೆಂಟನ್ನೇ ನೋಡಿ. 2016ರಲ್ಲಿ ಈ ಡೇಟಾ ಮೇಲೆ ಮೊದಲ ದೊಡ್ಡ ಪೇಪರ್ ಬಂದಾಗ ಅವರಿಗೆ 99.35 ಪರ್ಸೆಂಟ್ ಬಂದಿತ್ತು, ಅದೇ ಪೇಪರಲ್ಲಿ ಅವರೇ ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಬರೆದ್ರು, ಬೇರೆ ಕಡೆಯಿಂದ ತಂದ ಫೋಟೋ ಕೊಟ್ಟಾಗ ಅದು 31 ಪರ್ಸೆಂಟಿನ ಆಸುಪಾಸಿಗೆ ಬಿತ್ತು ಅಂತ. ನಮ್ಮವರು ಮೊದಲನೇ ನಂಬರ್ ಸೈಟ್ ಮಾಡ್ತಾರೆ, ಎರಡನೇದು ಕಣ್ಣಿಗೇ ಬೀಳಲ್ಲ. 2022ರಲ್ಲಿ ಇನ್ನೊಬ್ಬರು ಮಾಡಿದ ಪರೀಕ್ಷೆ ಇನ್ನೂ ಮಜಾ ಇದೆ, ಅವರು ಎಲೆಯನ್ನ ಮುಟ್ಟಲೇ ಇಲ್ಲ, ಪ್ರತಿ ಫೋಟೋದ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್ ತಗೊಂಡು ಮಾಡೆಲ್‌ಗೆ ಕೊಟ್ರು, ಅಷ್ಟಕ್ಕೇ 49 ಪರ್ಸೆಂಟ್ ಸರಿ ಉತ್ತರ ಬಂತು. ಬೆಳೆ, ರೋಗ ಎರಡೂ ಸೇರಿ ಇರೋದು 38 ಗುಂಪು, ಕಣ್ಮುಚ್ಚಿ ಹೇಳಿದ್ರೆ ಮೂರು ಪರ್ಸೆಂಟೂ ಬರಬಾರದು. ಅಂದ್ರೆ ಎಲೆ ಕಿತ್ತು ಟೇಬಲ್ ಮೇಲೆ ಒಂದೊಂದು ರೋಗಕ್ಕೆ ಒಂದೊಂದು ದಿನ ಒಂದೊಂದು ಬೆಳಕಲ್ಲಿ ಫೋಟೋ ತೆಗೆದಿದ್ದಾರೆ, ಮಾಡೆಲ್ ಕಲಿತಿರೋದರಲ್ಲಿ ದೊಡ್ಡ ಪಾಲು ಆ ಬೆಳಕು. ಇದನ್ನ ತೋಟಕ್ಕೆ ತಗೊಂಡು ಹೋದ್ರೆ ಏನಾಗತ್ತೆ ಅಂತ ಬಿಡಿಸಿ ಹೇಳ್ಬೇಕಾ?

ಇದೇ ಹೊತ್ತಲ್ಲಿ ಕಾಲೇಜಿನ ಕಾಂಪೌಂಡ್ ಆಚೆ ಏನಾಗ್ತಿದೆ ನೋಡಿ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕಳಸ ಕಡೆ ಎಲೆಚುಕ್ಕಿ ರೋಗದಿಂದ ಅಡಿಕೆ ತೋಟಗಳು ಒಣಗಿ ನಿಂತಿವೆ, ಹಳದಿ ಎಲೆ ರೋಗ ಅದಕ್ಕೂ ಹಳೇದು. ಅಲ್ಲಿಯ ಹುಡುಗರೇ ನಮ್ಮ ಕ್ಲಾಸಲ್ಲಿ ಕೂತಿರ್ತಾರೆ, ಅವರ ಮನೆ ತೋಟದಲ್ಲೇ ರೋಗ ಇರತ್ತೆ, ಕೈಯಲ್ಲಿ ಒಳ್ಳೆ ಕ್ಯಾಮೆರಾ ಇರೋ ಫೋನ್ ಇರತ್ತೆ, ಪ್ರಾಜೆಕ್ಟ್ ಮಾತ್ರ ಬ್ಲೂಬೆರ್ರಿ ಎಲೆ ಮೇಲೆ. ಒಬ್ಬ ಫೈನಲ್ ಇಯರ್ ಹುಡುಗ ನನಗೆ ನೇರವಾಗೇ ಹೇಳಿದ, "ಸರ್, ಅಡಿಕೆ ಫೋಟೋ ತೆಗೆಯೋಕೆ ಮಳೆಗಾಲ ಬೇಕು, ಆಮೇಲೆ ಯಾವುದು ಎಲೆಚುಕ್ಕಿ ಯಾವುದು ಬೇರೆ ಅಂತ ಗೊತ್ತಿರೋರು ಬಂದು ಲೇಬಲ್ ಮಾಡ್ಬೇಕು, ನಮಗಿರೋದು ಒಂದು ಸೆಮಿಸ್ಟರ್, ಅಕ್ಯುರಸಿ 70 ಬಂದ್ರೆ ಪೇಪರ್ ಯಾರು ತಗೋತಾರೆ?" ಅವನು ಹೇಳಿದ್ದರಲ್ಲಿ ತಪ್ಪು ಹುಡುಕೋಕೆ ನನಗೆ ಆಗ್ಲಿಲ್ಲ.

ಈಗ ಮಾಡೋರು ಯಾರು ಅನ್ನೋ ಪ್ರಶ್ನೆಗೆ ಬರೋಣ. ಯಾವ ದೇಶದಲ್ಲೇ ಆಗ್ಲಿ ಲ್ಯಾಬ್ ಕೆಲಸ ನಡೆಯೋದು ಫುಲ್‌ಟೈಮ್ ಪಿಎಚ್‌ಡಿ ಹುಡುಗರಿಂದ. ನಮ್ಮ ಕಾಲೇಜುಗಳಲ್ಲಿ ಪಿಎಚ್‌ಡಿ ಮಾಡ್ತಿರೋರು ಹೆಚ್ಚಾಗಿ ಅಲ್ಲೇ ಅಥವಾ ಪಕ್ಕದ ಕಾಲೇಜಲ್ಲೇ ಪಾಠ ಮಾಡ್ತಿರೋ ಅಸಿಸ್ಟೆಂಟ್ ಪ್ರೊಫೆಸರ್‌ಗಳು. ರೂಲ್ಸ್ ಪ್ರಕಾರ ಅವರಿಗೆ ವಾರಕ್ಕೆ 16 ಗಂಟೆ ಕ್ಲಾಸು, ಅದರ ಜೊತೆ ಇಂಟರ್ನಲ್ಸು, ಅಸೈನ್‌ಮೆಂಟು, ಕೋರ್ಸ್‌ಗೆ ಮಾನ್ಯತೆ ಕೊಡೋ ಎನ್‌ಬಿಎ ಫೈಲಿನ ಸಿಒ-ಪಿಒ ಮ್ಯಾಪಿಂಗು (ಯಾವ ಪಾಠದಿಂದ ಏನು ಕಲಿತ್ರು ಅಂತ ತುಂಬೋ ಟೇಬಲ್), ಅಡ್ಮಿಷನ್ ಟೈಮಲ್ಲಿ ಪಿಯುಸಿ ಹುಡುಗರ ಮನೆಗೆ ಫೋನ್ ಮಾಡೋದು, ಕೆಲವು ಕಡೆ ಬಸ್ಸಲ್ಲಿ ಶಿಸ್ತು ನೋಡ್ಕೊಳ್ಳೋದೂ ಸೇರಿ. ರಿಸರ್ಚ್ ಅನ್ನೋದು ಸಂಜೆ ಐದರ ಮೇಲೆ, ಅಥವಾ ಸೆಮಿಸ್ಟರ್ ರಜೆಯಲ್ಲಿ. ಮುಂಚೆ ಎಂ.ಟೆಕ್ ಹುಡುಗರಾದ್ರೂ ಇರ್ತಿದ್ರು, ಈಗ ಎಂ.ಟೆಕ್ ಸೀಟು ಖಾಲಿ ಹೊಡೀತಾ ಇದೆ, ಗೇಟ್ ಪ್ರವೇಶ ಪರೀಕ್ಷೆ ಬರೆದು ಬಂದೋರಿಗೆ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ, ಅಷ್ಟಕ್ಕೆ ಎರಡು ವರ್ಷ ಯಾರು ಕೂರ್ತಾರೆ. ಇದರ ಮೇಲೆ 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿ ತೆಗೆದು ಹಾಕ್ತು, ಸಿಎಸ್ ಸೆಕ್ಷನ್‌ಗಳು ಬೆಳೀತಾ ಹೋದ್ವು, ಸಿವಿಲ್ ಮೆಕ್ಯಾನಿಕಲ್ ಕುಗ್ತಾ ಹೋದ್ವು. ಅಂದ್ರೆ ಲ್ಯಾಬ್ ಇರೋ ಡಿಪಾರ್ಟ್‌ಮೆಂಟಲ್ಲಿ ಹುಡುಗರಿಲ್ಲ, ಹುಡುಗರಿರೋ ಡಿಪಾರ್ಟ್‌ಮೆಂಟಲ್ಲಿ ಮೇಷ್ಟ್ರಿಗೆ ಉಸಿರಾಡೋಕೆ ಟೈಮಿಲ್ಲ.

ಇದಕ್ಕೆ ಎದುರಾಗಿ ಸುರತ್ಕಲ್ ಇಟ್ಟು ನೋಡಿದ್ರೆ ವ್ಯತ್ಯಾಸ ಎಲ್ಲಿಂದ ಬರತ್ತೆ ಗೊತ್ತಾಗತ್ತೆ. ಇವತ್ತಿನ ಎನ್‌ಐಟಿಕೆ 1960ರಲ್ಲಿ ಶುರುವಾಗಿದ್ದು ಕರ್ನಾಟಕ ರೀಜನಲ್ ಇಂಜಿನಿಯರಿಂಗ್ ಕಾಲೇಜ್ ಅಂತ, ಹಳಬರ ಬಾಯಲ್ಲಿ ಇವತ್ತಿಗೂ ಕೆಆರ್‌ಇಸಿ. ಅದೂ ಬಹಳ ವರ್ಷ ಒಂದು ಯೂನಿವರ್ಸಿಟಿ ಕೆಳಗಿದ್ದ ಕಾಲೇಜೇ, ಹೆಸರು ಮಾಡಿದ್ದು ಒಳ್ಳೆ ಬಿ.ಇ. ಇಂಜಿನಿಯರ್‌ಗಳನ್ನ ತಯಾರು ಮಾಡಿದ್ದಕ್ಕೆ. 2002ರಲ್ಲಿ ಎನ್‌ಐಟಿ ಆಯ್ತು, ಕೇಂದ್ರದ ದುಡ್ಡು ನೇರ ಬಂತು, ಸಿಲಬಸ್ ಡಿಗ್ರಿ ಎಲ್ಲಾ ತನ್ನದೇ ಆಯ್ತು, ಮುಖ್ಯವಾಗಿ ಫುಲ್‌ಟೈಮ್ ರಿಸರ್ಚ್ ಸ್ಕಾಲರ್ಸ್ ಬಂದ್ರು. ಈಗ ಅಂಥ ಸ್ಕಾಲರ್‌ಗೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, 2023ಕ್ಕೆ ಮುಂಚೆ 31,000 ಇತ್ತು. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕಿಂಗಿನ 2023ರ ಇಂಜಿನಿಯರಿಂಗ್ ಪಟ್ಟಿಯಲ್ಲಿ ಅದು 12ನೇದು, 2024ರಲ್ಲಿ 17ನೇದು. ಸುರತ್ಕಲ್ ಮೇಷ್ಟ್ರು ದಾವಣಗೆರೆ ಮೇಷ್ಟ್ರಿಗಿಂತ ಬುದ್ಧಿವಂತರು ಅಂತ ಇದನ್ನ ಓದ್ಕೋಬೇಡಿ, ಎಷ್ಟೋ ಜನ ಒಂದೇ ಕಡೆ ಓದಿ ಬಂದೋರು. ದಿನಾ ಬೆಳಗ್ಗೆ ಒಂಬತ್ತಕ್ಕೆ ಲ್ಯಾಬ್ ಬಾಗಿಲು ತೆಗೆದು ಕೂರೋ ಐದಾರು ಹುಡುಗರು ಅವರಿಗಿದ್ದಾರೆ, ಇವರಿಗಿಲ್ಲ, ಅಷ್ಟೇ.

ಜರ್ನಲ್ ಓದೋಕೆ ಸಿಗೋ ವಿಷಯದಲ್ಲೂ ಇದೇ ಗೆರೆ. 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ಗೆ ಮೂರು ವರ್ಷಕ್ಕೆ 6,000 ಕೋಟಿ ಒಪ್ಪಿಗೆ ಕೊಡ್ತು, 30 ಪ್ರಕಾಶಕರ ಸುಮಾರು 13,000 ಜರ್ನಲ್, 6,300 ಸಂಸ್ಥೆಗಳಿಗೆ. ಒಳ್ಳೆ ಕೆಲಸ, ಆದ್ರೆ ಅದು ಸರ್ಕಾರಿ ಸಂಸ್ಥೆಗಳಿಗೆ. ಜಿಲ್ಲೆಯ ಖಾಸಗಿ ಕಾಲೇಜು ಕಾಲೇಜುಗಳು ಸೇರಿ ಜರ್ನಲ್ ತರಿಸೋ ವಿಟಿಯು ಕನ್ಸಾರ್ಷಿಯಂಗೆ ದುಡ್ಡು ಕಟ್ಟಿ ಅದರಲ್ಲಿ ಬಂದಷ್ಟು ಓದ್ಬೇಕು, ಉಳಿದದ್ದಕ್ಕೆ ಟೆಲಿಗ್ರಾಂ ಗ್ರೂಪಲ್ಲಿ ಪಿಡಿಎಫ್ ಕೇಳ್ಬೇಕು.

ಇಷ್ಟೆಲ್ಲಾ ಇಲ್ಲದ ಕಡೆ ಪೇಪರ್ ಮಾತ್ರ ಬೇಕೇ ಬೇಕು ಅಂತ ಒತ್ತಡ ಬಂದ್ರೆ ಏನಾಗ್ಬೇಕೋ ಅದೇ ಆಗಿದೆ. ಎನ್‌ಐಆರ್‌ಎಫ್ ಇಂಜಿನಿಯರಿಂಗ್ ರ‍್ಯಾಂಕಿಂಗಲ್ಲಿ ರಿಸರ್ಚಿಗೆ 30 ಪರ್ಸೆಂಟ್ ತೂಕ, ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ಗೂ ಅದು ಬೇಕು, ಎನ್‌ಬಿಎಗೂ ಬೇಕು, ಮೇಷ್ಟ್ರ ಪ್ರಮೋಷನ್‌ಗೂ ಬೇಕು. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದನ್ನ ಯುಜಿಸಿ 2022ರ ನವೆಂಬರಲ್ಲಿ ತೆಗೆದು ಹಾಕಿದ್ರೂ ಈ ಉಳಿದ ಕೊಕ್ಕೆಗಳು ಹಾಗೇ ಇವೆ. ಯಾವ ಜರ್ನಲ್ ಒಳ್ಳೇದು ಅಂತ ಹೇಳೋಕೆ ಹೋಗಿ ಯುಜಿಸಿಯೇ ಸುಸ್ತಾಯ್ತು, ತನ್ನ ಪಟ್ಟಿಯಿಂದ 2018ರಲ್ಲಿ 4,305 ಜರ್ನಲ್ ಒಂದೇ ಸಲ ಕಿತ್ತು ಹಾಕ್ತು, ಆಮೇಲೆ ಕೇರ್ ಲಿಸ್ಟ್ ಅಂತ ಹೊಸ ಜರ್ನಲ್ ಪಟ್ಟಿ ತಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ ನೀವೇ ನೋಡ್ಕೊಳಿ ಅಂತ ಸಂಸ್ಥೆಗಳಿಗೆ ಬಿಡ್ತು. ನೀವೇ ಅಂದ್ರೆ ಯಾರು? ಕಾಲೇಜಲ್ಲಿ ಅದು ಗುಣಮಟ್ಟದ ಸೆಲ್ ನೋಡ್ಕೊಳ್ಳೋ ಐಕ್ಯೂಎಸಿ ಕೋಆರ್ಡಿನೇಟರ್, ಅವರ ಹತ್ರ ಇರೋದು ಒಂದು ಎಕ್ಸೆಲ್ ಶೀಟ್, ಜರ್ನಲ್‌ನ ಐಎಸ್‌ಎಸ್‌ಎನ್ ನಂಬರಿನ ಕಾಲಂ ತುಂಬಿದೆಯಾ, ಲಿಂಕ್ ಓಪನ್ ಆಗತ್ತಾ, ಅಲ್ಲಿಗೆ ಚೆಕಿಂಗ್ ಮುಗೀತು. ಹಾಗಾಗಿ ಎಲ್ಲರೂ ಸ್ಕೋಪಸ್ ಅನ್ನೋ ಒಂದು ಪದಕ್ಕೆ ಜೋತು ಬಿದ್ದಿದ್ದಾರೆ.

ಸ್ಕೋಪಸ್‌ನಲ್ಲಿದ್ರೆ ಸೇಫ್ ಅನ್ನೋದೂ ಸುಳ್ಳಾಯ್ತು. ಹಿಂದಾವಿ ಅನ್ನೋ ಪ್ರಕಾಶನ, 2021ರಲ್ಲಿ ವೈಲಿ ಕೊಂಡ್ಕೊಂಡಿದ್ದು, ಅದರ ಸ್ಪೆಷಲ್ ಇಶ್ಯೂಗಳಲ್ಲಿ ನಮ್ಮವರ ಪೇಪರ್ ಸಿಕ್ಕಾಪಟ್ಟೆ ಬಂದಿತ್ತು. 2023 ಒಂದೇ ವರ್ಷದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ತಗೊಂಡ್ರು, ದುಡ್ಡಿಗೆ ಪೇಪರ್ ತಯಾರಿಸಿ ಮಾರೋ ಪೇಪರ್ ಮಿಲ್‌ಗಳು ಗೆಸ್ಟ್ ಎಡಿಟರ್ ವೇಷದಲ್ಲಿ ಒಳಗೆ ನುಗ್ಗಿದ್ವು ಅಂತ. ವೈಲಿ ಆ ಹೆಸರನ್ನೇ ಕೈಬಿಡ್ತು. ಪೇಪರ್ ಮಿಲ್ ಅಂದ್ರೆ ಎಲ್ಲೋ ಚೀನಾ ರಷ್ಯಾದ್ದು ಅಂತ ತಿಳ್ಕೋಬೇಡಿ, ಫ್ಯಾಕಲ್ಟಿ ವಾಟ್ಸಾಪ್ ಗ್ರೂಪಲ್ಲಿರೋ ಯಾರನ್ನಾದ್ರೂ ಕೇಳಿ, ವಾರಕ್ಕೊಂದು ಮೆಸೇಜ್ ಬರತ್ತೆ, ರೆಡಿ ಪೇಪರ್ ಇದೆ, ಟೈಟಲ್ ಇದು, ಜರ್ನಲ್ ಕ್ಯೂ3 (ನಾಲ್ಕು ದರ್ಜೆಯಲ್ಲಿ ಮೂರನೇದು), ಫಸ್ಟ್ ಆಥರ್ ಇಷ್ಟು, ಸೆಕೆಂಡ್ ಇಷ್ಟು, ನಾಲ್ಕನೇದು ಖಾಲಿ ಇದೆ, ಪೇಮೆಂಟ್ ಎರಡು ಕಂತು. ಯಾವ ವಿಷಯ ಅಂತಾನೂ ನೋಡದೆ ಸೇರ್ಕೊಳ್ಳೋರಿದ್ದಾರೆ, ಅದಕ್ಕೇ ಥರ್ಮಲ್ ಇಂಜಿನಿಯರಿಂಗ್ ಮೇಷ್ಟ್ರ ಹೆಸರು ಕ್ಯಾನ್ಸರ್ ಇಮೇಜ್ ಪೇಪರಲ್ಲಿ ಕಾಣೋದು. ಯುಜಿಸಿಯ 2018ರ ರೂಲ್ ಪ್ರಕಾರ ಬೇರೆಯವರ ಬರಹದ ಜೊತೆ ಹತ್ತು ಪರ್ಸೆಂಟ್ ತನಕ ಹೋಲಿಕೆ ಇದ್ರೆ ಪರವಾಗಿಲ್ಲ, ಅದರೊಳಗೆ ತರೋಕೆ ವಾಕ್ಯಗಳನ್ನ ಸಾಫ್ಟ್‌ವೇರಿಗೆ ಹಾಕಿ ತಿರುವಿ ಮುರುವಿ ಬರೆಸ್ತಾರೆ, ಆಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಹೋಗಿ ಕೌಂಟರ್‌ಫಿಟ್ ಕಾನ್ಶಸ್‌ನೆಸ್ ಆಗಿರತ್ತೆ. 2021ರಿಂದ ಕೆಲವು ಸಂಶೋಧಕರು ಇಂಥ ವಿಚಿತ್ರ ಪದಗಳನ್ನೇ ಜಾಡು ಹಿಡಿದು ಸಾವಿರಾರು ಪೇಪರ್ ಹೊರಗೆಳೆದಿದ್ದಾರೆ.

ಪೇಟೆಂಟ್ ಆಟ ಇನ್ನೂ ಅಗ್ಗ. 2021ರಲ್ಲಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಫೀಸು 80 ಪರ್ಸೆಂಟ್ ಇಳಿಸ್ತು, ಉದ್ದೇಶ ಒಳ್ಳೇದೇ. ಈಗ ಆನ್‌ಲೈನಲ್ಲಿ ಅರ್ಜಿ ಹಾಕೋಕೆ 1,600 ರೂಪಾಯಿ. ಅರ್ಜಿ ತಾನಾಗೇ ಪ್ರಕಟ ಆಗೋದು 18 ತಿಂಗಳಿಗೆ, ಬೇಗ ಬೇಕು ಅಂದ್ರೆ ಫಾರಂ 9 ಜೊತೆ 2,500 ಕಟ್ಟಿದ್ರೆ ಬೇಗ ಪ್ರಕಟ ಮಾಡ್ತಾರೆ. ಪ್ರಕಟ ಆಯ್ತು ಅಂದ್ರೆ ಯಾರಾದ್ರೂ ಪರೀಕ್ಷೆ ಮಾಡಿದ್ರು ಅಂತ ಅರ್ಥ ಅಲ್ಲ, ಅರ್ಜಿ ಪತ್ರಿಕೆಯಲ್ಲಿ ಬಂತು ಅಂತ ಅಷ್ಟೇ. ಪರೀಕ್ಷೆ ಬೇಕಿದ್ರೆ ಫಾರಂ 18 ಹಾಕಿ ಇನ್ನೊಂದು 4,000 ಕಟ್ಬೇಕು, ಆಮೇಲೆ ಪೇಟೆಂಟ್ ಆಫೀಸಿನವರ ಆಕ್ಷೇಪಣೆಗೆ ಉತ್ತರ ಬರೀಬೇಕು. ಅಲ್ಲಿ ತನಕ ಹೋಗೋರು ಯಾರು? ಪಬ್ಲಿಷ್ಡ್ ಪೇಟೆಂಟ್ ಅಂತ ಕಾಲಂ ತುಂಬಿತು, ಇನ್ಸೆಂಟಿವ್ ಬಂತು, ಫೇಸ್‌ಬುಕ್ಕಲ್ಲಿ ಹಾರ ಹಾಕಿದ ಫೋಟೋನೂ ಬಂತು. 2024ರ ಹೊಸ ರೂಲ್ ಪ್ರಕಾರ 31 ತಿಂಗಳೊಳಗೆ ಪರೀಕ್ಷೆಗೆ ಕೇಳದೇ ಇದ್ರೆ ಅರ್ಜಿ ವಾಪಸ್ ಪಡೆದ ಹಾಗೆ, ಮುಂಚೆ 48 ತಿಂಗಳಿತ್ತು. ಇದರ ಜೊತೆ ಏಜೆಂಟರು ಯುಕೆ ಡಿಸೈನ್ ಪೇಟೆಂಟ್ ಅಂತ ಮಾರ್ತಾರೆ, ಇಂಗ್ಲೆಂಡಿನ ಆಫೀಸು ಡಿಸೈನ್ ರಿಜಿಸ್ಟರ್ ಮಾಡೋವಾಗ ಅದು ಹೊಸದಾ ಹಳೇದಾ ಅಂತ ಪರೀಕ್ಷೆನೇ ಮಾಡಲ್ಲ, ಚಿತ್ರ ಕೊಟ್ರೆ ಸರ್ಟಿಫಿಕೇಟ್ ಕೊಡ್ತಾರೆ.

2025ರಿಂದ ಎನ್‌ಐಆರ್‌ಎಫ್ ವಾಪಸ್ ಆದ ಪೇಪರ್‌ಗೆ ಮಾರ್ಕ್ಸ್ ಕಟ್ ಮಾಡ್ತಿದೆ. ಇದರಿಂದ ಭಯ ಬಂದಿರೋದು ನಿಜ, ಆದ್ರೆ ನಾನು ನೋಡ್ತಿರೋ ಹಾಗೆ ಜನ ಪೇಪರ್ ಬಿಟ್ಟು ಬುಕ್ ಚಾಪ್ಟರ್ ಕಡೆ, ಕಾನ್ಫರೆನ್ಸ್ ಪ್ರೊಸೀಡಿಂಗ್ಸ್ ಕಡೆ ಹೊರಟಿದ್ದಾರೆ. ದಂಡ ಹಾಕಿದ್ರೆ ದಾರಿ ಬದಲಾಗತ್ತೆ, ಲ್ಯಾಬಲ್ಲಿ ಹೊಸ ಮಷೀನ್ ಬರಲ್ಲ.

ಹಾಗಾದ್ರೆ ಸಣ್ಣ ಊರಿನ ಕಾಲೇಜು ರಿಸರ್ಚ್ ಮಾಡಲೇಬಾರದಾ? ನನಗಂತೂ ಹಾಗನ್ನಿಸಲ್ಲ, ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡೋಕೆ ಐಐಎಸ್‌ಸಿಗಿಂತ ಇವರಿಗೇ ಅನುಕೂಲ ಜಾಸ್ತಿ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಬರದ ತಾಲ್ಲೂಕು, ಧೂಳು ಕೂತ್ರೆ ಕರೆಂಟ್ ಕಮ್ಮಿ, ತೊಳೆಯೋಕೆ ನೀರಿಲ್ಲ. ತಿಂಗಳಿಗೆ ಎಷ್ಟು ಧೂಳು, ಯಾವ ಗಾಳಿಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ ತೊಳೆದ್ರೆ ಲಾಭ ಅನ್ನೋದಕ್ಕೆ ತುಮಕೂರಿಂದ ಬಸ್ ಹತ್ತಿ ಹೋಗಿ ಅಳೆಯೋ ಹುಡುಗರು ಬೇಕು, ಟಿಇಎಂ ಬೇಡ. ಅದೇ ಪಾವಗಡ, ಕೋಲಾರ, ಕೊಪ್ಪಳ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್, ಒಂದೇ ಬಾವಿಯನ್ನ ಹತ್ತು ವರ್ಷ ಬಿಡದೆ ಅಳೆದ ಲೆಕ್ಕ ಸಿಕ್ಕಿದ್ರೆ ಅದಕ್ಕೆ ಬೆಲೆ ಕಟ್ಟೋಕಾಗಲ್ಲ, ಬೇಕಾಗಿರೋದು ಫ್ಲೋರೈಡ್ ಅಳೆಯೋ ಒಂದು ಅಯಾನ್ ಮೀಟರ್ ಮತ್ತು ಪ್ರತಿ ವರ್ಷ ಒಂದು ಹೊಸ ಬ್ಯಾಚು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದ್ರೆ ಕೆಎಸ್‌ಸಿಎಸ್‌ಟಿಯವರು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬಿ.ಇ. ಹುಡುಗರ ಪ್ರಾಜೆಕ್ಟಿಗೆ ಕೆಲವು ಸಾವಿರ ರೂಪಾಯಿ ಕೊಡ್ತಾ ಬಂದಿದ್ದಾರೆ, ಆ ಪ್ರಾಜೆಕ್ಟ್‌ಗಳಲ್ಲಿ ಅಡಿಕೆ ಸುಲಿಯೋದು, ಹುಣಸೆ ಬೀಜ ತೆಗೆಯೋದು ಇಂಥ ಊರಿನ ಸಮಸ್ಯೆ ಎಷ್ಟೋ ಇರತ್ತೆ, ದುಃಖ ಅಂದ್ರೆ ಬ್ಯಾಚ್ ಪಾಸಾದ ಮೇಲೆ ಅದನ್ನ ಮುಂದಿನ ಬ್ಯಾಚು ಎತ್ಕೊಳ್ಳಲ್ಲ, ಮಾಡೆಲ್ ಗ್ಲಾಸ್ ಬೀರು ಸೇರತ್ತೆ.

ದೇಶ ಒಟ್ಟಾರೆ ಜಿಡಿಪಿಯ 0.64 ಪರ್ಸೆಂಟ್ ರಿಸರ್ಚಿಗೆ ಖರ್ಚು ಮಾಡತ್ತೆ, ಅದರಲ್ಲಿ ಜಿಲ್ಲೆಯ ಖಾಸಗಿ ಕಾಲೇಜಿಗೆ ಏನು ಉಳಿಯತ್ತೆ ಅಂತ ಲೆಕ್ಕ ಹಾಕೋದೇ ಬೇಡ. ನನ್ನ ಕೇಳಿದ್ರೆ ಮೊದಲು ಮಾಡ್ಬೇಕಾದ್ದು, ವಿಟಿಯುಗೆ ಬೆಳಗಾವಿ, ಕಲಬುರಗಿ, ಮೈಸೂರು, ಬೆಂಗಳೂರು ಕಡೆ ಹೇಗೂ ಜಾಗ ಇದೆ, ಆ ನಾಲ್ಕೂ ಕಡೆ ಒಂದೊಂದು ಎಕ್ಸ್‌ಆರ್‌ಡಿ, ಒಂದೊಂದು ಎಸ್‌ಇಎಂ ಇಟ್ಟು ಕಾಲೇಜುಗಳ ಸ್ಯಾಂಪಲ್ ಕಮ್ಮಿ ರೇಟಲ್ಲಿ ಮಾಡ್ಕೊಡೋದು, ಪಿಎಚ್‌ಡಿ ಮಾಡ್ತಿರೋ ಮೇಷ್ಟ್ರಿಗೆ ಆ 16 ಗಂಟೆಯನ್ನ ಎಂಟಕ್ಕೆ ಇಳಿಸೋದು. ಮಷೀನ್ ಕೊಳ್ಳೋದು ದೊಡ್ಡ ವಿಷಯ ಅಲ್ಲ, ತಾಂತ್ರಿಕ ಶಿಕ್ಷಣ ಸುಧಾರಿಸೋ ಟೆಕ್ವಿಪ್ ಸ್ಕೀಂ ಕಾಲದಲ್ಲಿ ವರ್ಲ್ಡ್ ಬ್ಯಾಂಕ್ ದುಡ್ಡಲ್ಲಿ ನಮ್ಮ ಎಷ್ಟೋ ಕಾಲೇಜುಗಳಿಗೆ ಒಳ್ಳೊಳ್ಳೆ ಮಷೀನ್ ಬಂದಿತ್ತು. ಸ್ಕೀಂ ಮುಗೀತು, ಎಎಂಸಿ, ಅಂದ್ರೆ ವರ್ಷದ ಮೇಂಟೆನೆನ್ಸ್ ದುಡ್ಡು ಕಟ್ಟೋರಿಲ್ಲ, ಓಡಿಸೋಕೆ ಗೊತ್ತಿದ್ದ ಟೆಕ್ನಿಷಿಯನ್ ಕಾಂಟ್ರ್ಯಾಕ್ಟ್ ಮುಗಿದು ಹೋದ, ಕವರ್ ಹೊದಿಸಿ ಇಟ್ಟಿದ್ದಾರೆ. ಆದ್ದರಿಂದ ಈ ಸಲ ಟೆಂಡರ್ ಕರೆಯೋಕೂ ಮುಂಚೆ ಆ ಟೆಕ್ನಿಷಿಯನ್‌ದು ಪರ್ಮನೆಂಟ್ ಪೋಸ್ಟ್ ಮಾಡಿ, ಅವನ ಸಂಬಳ ಯಾವ ಹೆಡ್ಡಿಂದ ಬರತ್ತೆ ಅಂತ ಬರೆದಿಟ್ಕೊಂಡು ಆಮೇಲೆ ಮಷೀನ್ ಕೊಳ್ಳಲಿ.